ಫಿಟ್ಟಿಂಗ್ ಫ್ರೀ ಅಂದ್ರೆ ಬೇಡ ಅನ್ನಿ

ಕಾರಿನ ಕಾರ್ಪೆಟ್ಟಿಗೂ ಬೂಷ್ಟು ಹಿಡಿಯುತ್ತೆ ಅಂತ ನನಗೆ ಗೊತ್ತಿರಲಿಲ್ಲ. ಒದ್ದೆ ಕೈ ತಾಕಿದ ಉಪ್ಪಿನಕಾಯಿಗೆ ಹಿಡಿಯುತ್ತೆ, ಮಳೆಗಾಲದಲ್ಲಿ ಬೀರುವಿನೊಳಗಿನ ಬೆಲ್ಟಿಗೆ ಹಿಡಿಯುತ್ತೆ, ಸರಿ. ಆದ್ರೆ ಮಹಾಲಕ್ಷ್ಮಿ ಲೇಔಟಿನ ನಮ್ಮ ಮನೆ ಮುಂದೆ ನಿಲ್ಲಿಸಿದ್ದ, ಇನ್ನೂ ಎರಡು ವರ್ಷ ತುಂಬದ, ಇಎಂಐ ಮುಗಿಯದ ಕಾರಿನೊಳಗೆ, ಎಡಗಡೆ ಮುಂದಿನ ಸೀಟಿನ ಕೆಳಗೆ ಅಂಗೈ ಅಗಲ ಬಿಳೀ ಬೂಷ್ಟು ಹಾಯಾಗಿ ಕೂತಿತ್ತು. ಕಾರು ಹತ್ತಿದ ಹೆಂಡತಿ ಮೂಗು ಮುಚ್ಚಿಕೊಂಡು "ಯಾರದ್ದು ಈ ಒದ್ದೆ ಸಾಕ್ಸು?" ಅಂದಳು. ಸಾಕ್ಸು ಯಾರದ್ದೂ ಅಲ್ಲ. ಅದು ಮೂರು ತಿಂಗಳ ಹಿಂದೆ ನಾನು ಹಾಕಿಸಿದ ಹೊಸ ಸ್ಪೀಕರಿನ ವಾಸನೆ.

ಸ್ಪೀಕರಿಗೂ ಬೂಷ್ಟಿಗೂ ಏನು ಸಂಬಂಧ ಅಂತ ಕೇಳ್ತೀರಿ. ನಾನೂ ಕೇಳಿದೆ. ಉತ್ತರ ಹುಡುಕಿಕೊಂಡು ಹೊರಟವನು ಬಂದು ನಿಂತಿದ್ದು ಎರಡು ಪದದ ಹತ್ತಿರ: ಫಿಟ್ಟಿಂಗ್ ಫ್ರೀ. ಈ ಊರಲ್ಲಿ ಕಾರು ಇಟ್ಟಿರೋ ಪ್ರತಿಯೊಬ್ಬರೂ ಕೇಳಿರೋ, ಕೇಳಿ ಖುಷಿಪಟ್ಟಿರೋ ಪದ. ನನ್ನ ಜಗಳ ಇವತ್ತು ಅದರ ಜೊತೆ.

ಕಥೆ ಶುರುವಾಗೋದು ನಮ್ಮಪ್ಪನಿಂದ. ಅಪ್ಪ ಪೀಣ್ಯದ ಒಂದು ಕಾರ್ಖಾನೆಯಲ್ಲಿ 31 ವರ್ಷ ಫಿಟ್ಟರ್ ಆಗಿದ್ದವರು. ಅಣ್ಣಾವ್ರ ಭಕ್ತರು. ಎಷ್ಟು ಅಂದ್ರೆ ರಿಂಗ್ ರೋಡಲ್ಲಿ ಕಂಠೀರವ ಸ್ಟುಡಿಯೋ ದಾಟುವಾಗ ಆಡ್ತಿರೋ ಮಾತು ನಿಲ್ಲಿಸಿ ಒಂದ್ಸಲ ಎದೆ ಮುಟ್ಟಿಕೊಳ್ತಾರೆ. ಹೊಸ ಕಾರಲ್ಲಿ ಮೊದಲ ಸಲ ಕೂತು, ನಾನು ಹಾಕಿದ ರಾಜ್‌ಕುಮಾರ್ ಹಾಡು ಎರಡು ನಿಮಿಷ ಕೇಳಿ, "ಬಾವಿಯೊಳಗೆ ನಿಂತು ಹಾಡಿದ ಹಾಗಿದೆ ಕಣೋ" ಅಂದ್ರು. ತಪ್ಪೇನಿಲ್ಲ. ಕಡಿಮೆ ದರದ ಕಾರುಗಳಿಗೆ ಕಂಪನಿಯವರು ಹಾಕೋ ಸ್ಪೀಕರ್ ಹೆಚ್ಚಿನವು ಪೇಪರ್ ಕೋನು, ಪುಟಾಣಿ ಮ್ಯಾಗ್ನೆಟ್ಟು. ಕೈಯಲ್ಲಿ ಹಿಡಿದ್ರೆ ಹಪ್ಪಳದಷ್ಟು ಭಾರ.

ಸರಿ, ಮನೆ ಹತ್ತಿರದ ಒಂದು ಅಂಗಡಿಗೆ ಹೋದೆ. ಹೆಸರು ಬೇಡ, ಅಂಥ ಅಂಗಡಿ ನಿಮ್ಮ ಏರಿಯಾದಲ್ಲೂ ನಾಲ್ಕಿವೆ. 6.5 ಇಂಚಿನ ಜೋಡಿ, ಡಬ್ಬದ ಮೇಲೆ ಬೆಂಕಿ ಜ್ವಾಲೆಯ ಚಿತ್ರ, ಅದರ ಮೇಲೆ ದಪ್ಪಕ್ಷರದಲ್ಲಿ 350 ವ್ಯಾಟ್. 6,500 ಅಂದ್ರು, ಚೌಕಾಸಿ ಮಾಡಿ 5,200ಕ್ಕೆ ಇಳಿಸಿದೆ. ಇಳಿಸಿದ ಮೇಲೂ ನಾಚಿಕೆ ಬಿಟ್ಟು "ಫಿಟ್ಟಿಂಗ್?" ಅಂದೆ. ಮಾಲೀಕರು ದೊಡ್ಡ ಮನಸ್ಸು ಮಾಡಿ, "ಫ್ರೀ ಸಾರ್, ಅದಕ್ಕೇನು" ಅಂದ್ರು. ಹತ್ತೊಂಬತ್ತು ಇಪ್ಪತ್ತರ ಹುಡುಗ ಒಬ್ಬ ಸ್ಕ್ರೂಡ್ರೈವರ್ ಹಿಡಿದು ಬಂದ. "ಬೇಗ ಮಾಡಪ್ಪ, ನನಗೊಂದು ಕಾಲ್ ಇದೆ" ಅಂದೆ. ಫುಟ್‌ಪಾತಲ್ಲಿ ನಿಂತು ಕಾಲ್ ಅಟೆಂಡ್ ಮಾಡಿದೆ, ಮ್ಯೂಟಲ್ಲಿ. ಹಿಂದುಗಡೆ ಟಕ್, ಟಕ್, ಟಕಾರ್ ಅಂತ ಶಬ್ದ ಕೇಳಿಸ್ತಿತ್ತು. ಏನೋ ಪ್ರೊಫೆಷನಲ್ಲಾಗಿ ನಡೀತಿದೆ ಅಂದ್ಕೊಂಡೆ. ಅರ್ಧ ಗಂಟೆಗೆ ಎರಡು ಬಾಗಿಲೂ ಮುಗೀತು. ಹುಡುಗನ ಕೈಗೆ ಐವತ್ತು ರೂಪಾಯಿ ಇಟ್ಟು, ನಾನೇ ದೊಡ್ಡ ದಾನಶೂರ ಅನ್ನೋ ಹಾಗೆ ಹೊರಟೆ.

ಆ ಟಕಾರ್ ಶಬ್ದ ಏನು ಅಂತ ನನಗೆ ಗೊತ್ತಾಗಿದ್ದು ಬೂಷ್ಟು ಬಂದ ಮೇಲೆ.

ಕಾರಿನ ಬಾಗಿಲು ಅಂದ್ರೆ ನೀರು ಒಳಗೆ ಬರದ ಹಾಗೆ ಮುಚ್ಚಿದ ಡಬ್ಬ ಅಂತ ನಾವೆಲ್ಲ ತಿಳ್ಕೊಂಡಿದ್ದೀವಿ. ಅಲ್ಲ ಸ್ವಾಮಿ. ಅದು ತೊಟ್ಟಿಮನೆ ಇದ್ದ ಹಾಗೆ. ಮಳೆ ಬಂದಾಗ ಗಾಜಿನ ಮೇಲೆ ಇಳಿದ ನೀರು, ಕಿಟಕಿ ಅಂಚಿನ ರಬ್ಬರ್ ದಾಟಿ, ಬಾಗಿಲೊಳಕ್ಕೆ ಬಂದೇ ಬರುತ್ತೆ. ಕಾರು ಮಾಡಿದವರಿಗೂ ಇದು ಗೊತ್ತು. ಅದಕ್ಕೇ ಬಾಗಿಲಿನ ತಳದಲ್ಲಿ ಸಣ್ಣ ತೂತುಗಳಿರುತ್ತವೆ, ತೊಟ್ಟಿಯ ನೀರು ಚರಂಡಿಗೆ ಹೋದ ಹಾಗೆ ನೀರು ಅಲ್ಲಿಂದ ರಸ್ತೆಗೆ ಹೋಗುತ್ತೆ. ಆದ್ರೆ ತೊಟ್ಟಿಯಲ್ಲಿ ಬಿದ್ದ ನೀರು ನಡುಮನೆಗೆ ನುಗ್ಗಬಾರದಲ್ಲ? ಅದಕ್ಕೆ ಬಾಗಿಲಿನ ತಗಡಿಗೂ ನಮ್ಮ ಕಣ್ಣಿಗೆ ಕಾಣೋ ಪ್ಲಾಸ್ಟಿಕ್ ಪ್ಯಾನೆಲ್ಲಿಗೂ ಮಧ್ಯೆ ಒಂದು ತೆಳು ಹಾಳೆ ಅಂಟಿಸಿರ್ತಾರೆ. ಕೆಲವು ಕಾರಲ್ಲಿ ಬರೀ ಪ್ಲಾಸ್ಟಿಕ್, ಕೆಲವದರಲ್ಲಿ ಫೋಮ್. ಸುತ್ತ ಕಪ್ಪಗೆ ಅಂಟಂಟಾಗಿರೋ ಬ್ಯೂಟೈಲ್ ಗೋಂದು. ನೋಡೋಕೆ ಏನೇನೂ ಇಲ್ಲ, ಪ್ಯಾಕಿಂಗ್ ಕವರ್ ಥರ. ಪ್ಯಾಕಿಂಗ್ ಕವರ್ ಅಂದ್ಕೊಂಡೇ ಅದನ್ನ ಹರಿದು ಬಿಸಾಕೋರೂ ಇದ್ದಾರೆ. ಹರಿದ ದಿನ ಏನೂ ಆಗಲ್ಲ. ಮೊದಲ ದೊಡ್ಡ ಮಳೆಗೂ ಕೆಲವು ಸಲ ಗೊತ್ತಾಗಲ್ಲ. ನೀರು ಮೆಲ್ಲಗೆ ಹರಿದ ಜಾಗದಲ್ಲಿ ಜಿನುಗಿ, ಪ್ಯಾನೆಲ್ಲಿನ ಹಿಂದಿನಿಂದ ಇಳಿದು, ಕಾರ್ಪೆಟ್ಟಿನ ಅಡಿಯ ಫೋಮಿಗೆ ಸೇರಿಕೊಳ್ಳುತ್ತೆ. ಅಲ್ಲಿಂದಾಚೆ ಬೂಷ್ಟಿನ ಕೆಲಸ.

ಇನ್ನೊಂದು ವಿಷಯ. ಸ್ಪೀಕರಿನ ಕೋನು ಮುಂದಕ್ಕೆ ಗಾಳಿ ತಳ್ಳಿದಾಗ ಹಿಂದಕ್ಕೆ ಎಳೆಯುತ್ತೆ. ಹಿಂದಿನ ಶಬ್ದ ಬಾಗಿಲಿನ ತೂತುಗಳಿಂದ ತೂರಿ ಮುಂದೆ ಬಂದ್ರೆ ಎರಡೂ ಸೇರಿ ಒಂದನ್ನೊಂದು ತಿಂದು ಹಾಕುತ್ತವೆ. ಮೊದಲು ಸಾಯೋದು ಬೇಸ್. ಆ ತೂತುಗಳನ್ನ ಒಂದಿಷ್ಟಾದರೂ ಮುಚ್ಚಿ ಇಡೋದು ಅದೇ ಬಡಪಾಯಿ ಹಾಳೆ. ಅಂದ್ರೆ 5,200 ಕೊಟ್ಟು ನಾನು ತಂದ ಬೇಸನ್ನ ಫಿಟ್ಟಿಂಗಲ್ಲೇ ಹರಿದು ಬಿಸಾಕಿ ಬಂದಿದ್ದೆ. ಹೊಸ ಸ್ಪೀಕರ್ ಕೇಳಿದ ದಿನ ಅಪ್ಪ, "ಬಾವಿಯಿಂದ ಆಚೆ ಬಂದಿದ್ದಾರೆ, ಆದ್ರೆ ದನಿಗೆ ಎದೆಯೇ ಇಲ್ವಲ್ಲೋ" ಅಂದಿದ್ರು. ವಯಸ್ಸಾಯ್ತು, ಕಿವಿ ಮಂದ ಆಗಿದೆ ಅಂದ್ಕೊಂಡೆ. ಕ್ಷಮಿಸಿ ಅಪ್ಪ.

ಬೂಷ್ಟು ಕಂಡ ಮೇಲೆ ನಾನು ಮೊದಲು ಓಡಿದ್ದು ಸರ್ವಿಸ್ ಸೆಂಟರಿಗೆ, ವಿದ್ಯಾವಂತರೆಲ್ಲ ಓಡೋ ಹಾಗೆ. ಟ್ಯಾಬ್ ಹಿಡಿದ ಅಡ್ವೈಸರ್ ಸ್ಪೀಕರ್ ನೋಡಿದವರೇ, ಹೆಣ ನೋಡಿದವರ ಮುಖ ಮಾಡಿ, "ಆಫ್ಟರ್‌ಮಾರ್ಕೆಟ್ ಹಾಕ್ಸಿದೀರಾ? ಹಾಗಾದ್ರೆ ಗಾಡಿ ವಾರಂಟಿ ಹೋಯ್ತು ಸಾರ್" ಅಂದ್ರು. ಯಾವುದರ ವಾರಂಟಿ? ಎಂಜಿನ್? ಗೇರ್‌ಬಾಕ್ಸ್? "ಎಲ್ಲಾ ಸಾರ್." ಬಾಗಿಲಿಗೆ ಸ್ಪೀಕರ್ ಹಾಕಿದ್ರೆ ಗೇರ್‌ಬಾಕ್ಸಿನ ವಾರಂಟಿ ಹೇಗೆ ಹೋಗುತ್ತೆ ಅಂತ ಕೇಳಿದ್ದಕ್ಕೆ, "ಕಂಪನಿ ಪಾಲಿಸಿ" ಅಂದ್ರು. ನ್ಯಾಯವಾಗಿ ಹೇಳ್ಬೇಕು ಅಂದ್ರೆ, ನಾನು ಹೊರಗೆ ಮಾಡಿಸಿದ ಕೆಲಸದಿಂದ ಸೋರಿದ ನೀರಿಗೆ ಅವರು ಹೊಣೆ ಹೊರಬೇಕಿಲ್ಲ. ಆದ್ರೆ ಇಡೀ ಕಾರೇ ಹೋಯ್ತು ಅನ್ನೋದು ಗುಮ್ಮನ್ನ ತೋರಿಸಿ ಹೆದರಿಸೋ ವಿದ್ಯೆ. 2014ರ ಆಗಸ್ಟಲ್ಲಿ ಭಾರತದ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,500 ಕೋಟಿಗೂ ಹೆಚ್ಚು ದಂಡ ಹಾಕಿತಲ್ಲ, ಅದು ಇದೇ ಥರದ ವಿಷಯಕ್ಕೆ: ಬಿಡಿಭಾಗ, ರಿಪೇರಿ ಮಾಹಿತಿ ಎಲ್ಲವನ್ನೂ ತಮ್ಮ ಡೀಲರುಗಳ ಕೈಯಲ್ಲೇ ಇಟ್ಟುಕೊಂಡು ಹೊರಗಿನ ಮೆಕ್ಯಾನಿಕ್ಕುಗಳಿಗೆ ಬಾಗಿಲು ಹಾಕಿದ್ದಕ್ಕೆ. ಹೊರಗೆ ರಿಪೇರಿ ಮಾಡಿಸಿದ್ರೆ ವಾರಂಟಿ ರದ್ದು ಅನ್ನೋ ಷರತ್ತಿನ ಬಗ್ಗೆಯೂ ಆಯೋಗ ಆಕ್ಷೇಪ ಎತ್ತಿತ್ತು. ಆಮೇಲೆ ಮೇಲ್ಮನವಿ, ಕೋರ್ಟು ಅಂತ ಎಳೆದಾಡಿತು, ನಮ್ಮ ದೇಶದಲ್ಲಿ ಎಳೆಯದೇ ಇರೋದು ಯಾವುದು. ಅಮೆರಿಕದಲ್ಲಿ 1975ರಲ್ಲೇ ಮ್ಯಾಗ್ನುಸನ್ ಮಾಸ್ ಅನ್ನೋ ಕಾನೂನು ಬಂತು. ಅದರ ಪ್ರಕಾರ ನಮ್ಮದೇ ಪಾರ್ಟು, ನಮ್ಮಲ್ಲೇ ಸರ್ವಿಸು ಅನ್ನೋ ಷರತ್ತನ್ನ ವಾರಂಟಿಗೆ ಕಟ್ಟಿ ಹಾಕೋ ಹಾಗಿಲ್ಲ.

ಇದನ್ನೆಲ್ಲ ಅಡ್ವೈಸರ್ ಎದುರು ಹೇಳಿದ್ನಾ? ಇಲ್ಲ. ಮನೆಗೆ ಬಂದು ಹೆಂಡತಿ ಎದುರು ಹೇಳಿದೆ.

ಅಪ್ಪ ಪೇಪರ್ ಮಡಿಚಿ ಕೇಳಿದ್ರು: "ನೀನು ಬಿಚ್ಚಿ ನೋಡಿದ್ಯಾ?"

ನೋಡಿರಲಿಲ್ಲ. ನಾನು ಸಾಫ್ಟ್‌ವೇರಿನವನು. ಸರ್ವರ್ ಬಿದ್ರೆ ರಾತ್ರಿ ಎರಡಕ್ಕೆ ಎದ್ದು ಒಂದೊಂದೇ ಲಾಗ್ ಓದ್ತೀನಿ, ಕಾರಣ ಸಿಗೋವರೆಗೆ ಬಿಡಲ್ಲ. ನನ್ನ ದುಡ್ಡಲ್ಲಿ ಕೊಂಡ ಕಾರಿನ ಬಾಗಿಲು ಮಾತ್ರ ನನಗೆ ಗರ್ಭಗುಡಿ ಇದ್ದ ಹಾಗೆ, ಒಳಗೆ ಹೋಗೋಕೆ ಪೂಜಾರಿನೇ ಬೇಕು. ಈ ಪಶ್ಚಿಮ ಬೆಂಗಳೂರು ಯಾರು ಕಟ್ಟಿದ ಊರು ಅಂತ ನೆನಪಿಸಿಕೊಳ್ಳಿ. ಜಾಲಹಳ್ಳಿಯಲ್ಲಿ ಎಚ್ಎಂಟಿ 1953ರಲ್ಲಿ ಶುರುವಾಯ್ತು, ಕೈಗಡಿಯಾರ ಮಾಡಿದ್ದು ಅಲ್ಲೇ. ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಲ್ಲಿ 1972ರಲ್ಲಿ ಡೆನ್ಮಾರ್ಕಿನವರ ಸಹಾಯದಿಂದ ಟೂಲ್‌ರೂಮ್ ತರಬೇತಿ ಕೇಂದ್ರ, ನಾವು ಜಿಟಿಟಿಸಿ ಅನ್ನೋದು, ಶುರುವಾಯ್ತು. ಆಮೇಲೆ ಪೀಣ್ಯ. ಲೇತು, ಮಿಲ್ಲಿಂಗು, ಡೈ, ಫೈಲು ಹಿಡಿದವರ ಸಂಬಳದಲ್ಲಿ ಮಹಾಲಕ್ಷ್ಮಿ ಲೇಔಟು, ನಂದಿನಿ ಲೇಔಟು, ಕುರುಬರಹಳ್ಳಿಯಲ್ಲಿ ಎಷ್ಟು ಮನೆ ಎದ್ದಿವೆ ಲೆಕ್ಕ ಹಾಕಿ. ಆ ಮನೆಗಳ ಮಕ್ಕಳು ನಾವು. ನಮ್ಮ ಅಪ್ಪಂದಿರು ಮೈಕ್ರಾನ್ ಲೆಕ್ಕದಲ್ಲಿ ಕೆಲಸ ಮಾಡಿ ನಮ್ಮನ್ನ ಓದಿಸಿದ್ರು, ನಾವು ಓದಿ ಏನು ಕಲಿತ್ವಿ? ಫಿಟ್ಟಿಂಗ್ ಅನ್ನೋದು ಫ್ರೀಯಾಗಿ ಸಿಗಬೇಕಾದ ವಸ್ತು ಅಂತ.

ಭಾನುವಾರ ಬೆಳಗ್ಗೆ ಬಿಚ್ಚಿದ್ವಿ. ಅಪ್ಪನ ಮೊದಲ ಕೆಲಸ ಬ್ಯಾಟರಿಯ ನೆಗೆಟಿವ್ ತೆಗೆದು ಕಾಫಿ ಕುಡಿಯೋದು. ಕಾಫಿ ಅಭ್ಯಾಸಕ್ಕೆ, ಬ್ಯಾಟರಿ ಕಾರಣಕ್ಕೆ: ಕೆಲವು ಕಾರುಗಳ ಮುಂದಿನ ಬಾಗಿಲಲ್ಲಿ ಸೈಡ್ ಏರ್‌ಬ್ಯಾಗಿನ ಸೆನ್ಸರ್ ಇರುತ್ತೆ, ಕರೆಂಟ್ ಇರುವಾಗ ಕನೆಕ್ಟರ್ ಕೀಳಬಾರದು, ತೆಗೆದ ಮೇಲೂ ಹತ್ತು ನಿಮಿಷ ಕಾಯೋದು ಕ್ಷೇಮ. ಆಮೇಲೆ ಸ್ಕ್ರೂ ಹುಡುಕೋ ಆಟ. ಒಳಗಿನ ಹ್ಯಾಂಡಲಿನ ಹಿಂದೆ ಸಣ್ಣ ಮುಚ್ಚಳದಡಿ ಒಂದು, ಬಾಗಿಲು ಎಳೆಯೋ ಹಿಡಿಯ ಗುಳಿಯಲ್ಲಿ ಒಂದೆರಡು. ಸ್ಕ್ರೂ ಎಲ್ಲ ತೆಗೆದ ಮೇಲೂ ಪ್ಯಾನೆಲ್ ಅಲ್ಲಾಡಲ್ಲ, ಸುತ್ತ ಪ್ಲಾಸ್ಟಿಕ್ ಕ್ಲಿಪ್ಪುಗಳು ಕಚ್ಚಿಕೊಂಡಿರ್ತವೆ. ಇಲ್ಲಿ ಕಬ್ಬಿಣದ ಸ್ಕ್ರೂಡ್ರೈವರ್ ತೂರಿಸಿ ಮೀಟಿದ್ರೆ ಟಕಾರ್. ಅಪ್ಪ ಅಂಚಿಗೆಲ್ಲ ಮಾಸ್ಕಿಂಗ್ ಟೇಪ್ ಅಂಟಿಸಿ, ನನ್ನ ಹೈಸ್ಕೂಲಿನ ಪ್ಲಾಸ್ಟಿಕ್ ಸ್ಕೇಲನ್ನ ಕೆಳಗಿನ ಮೂಲೆಯಿಂದ ತೂರಿಸಿ, ಕ್ಲಿಪ್ಪು ಎಲ್ಲಿದೆ ಅಂತ ಸ್ಕೇಲಿನ ತುದಿಯಲ್ಲೇ ತಡವಿ, ಅದರ ಪಕ್ಕಕ್ಕೇ ಬಂದು ಎಳೆದ್ರು. ಪುಟ್ ಅಂತ ಬಂತು. ಮುರೀಲಿಲ್ಲ. ಕೊನೆಗೆ ಪ್ಯಾನೆಲ್ಲನ್ನ ಹೊರಗೆ ಎಳೀಬಾರದು, ಮೇಲಕ್ಕೆ ಎತ್ತಬೇಕು, ಯಾಕಂದ್ರೆ ಕಿಟಕಿಯ ಅಂಚಿಗೆ ಅದು ನೇತು ಹಾಕಿಕೊಂಡಿರುತ್ತೆ. ಎತ್ತಿದ ಮೇಲೂ ಜೋರಾಗಿ ಎಳೆಯೋ ಹಾಗಿಲ್ಲ, ಹಿಂದುಗಡೆ ಪವರ್ ವಿಂಡೋ ವೈರು, ಹ್ಯಾಂಡಲಿನ ಕೇಬಲ್ಲು ಇರ್ತವೆ. ಅಪ್ಪನ ಕೈ ಈಗ ಸ್ವಲ್ಪ ನಡುಗುತ್ತೆ. ಸ್ಕೇಲು ಹಿಡಿದಾಗ ನಡುಗಲಿಲ್ಲ, ಅಥವಾ ನನಗೆ ಕಾಣಲಿಲ್ಲ.

ಒಳಗಿನ ದೃಶ್ಯ ಹೀಗಿತ್ತು. ಒಂಬತ್ತು ಕ್ಲಿಪ್ಪಿನ ಜಾಗದಲ್ಲಿ ಐದು ಉಳಿದಿದ್ವು. ಹಾಳೆಯನ್ನ ಬ್ಲೇಡಲ್ಲಿ ಸೀಳಿ, ಒಂದು ಮೂಲೆ ಮಡಿಚಿ ಒಳಕ್ಕೆ ತುರುಕಿದ್ರು. ಕಂಪನಿಯ ಕನೆಕ್ಟರ್ ಕತ್ತರಿಸಿ, ವೈರು ಹೊಸೆದು ಟೇಪು ಸುತ್ತಿದ್ರು; ಆ ಕಾರಿನ ಸಾಕೆಟ್ಟಿಗೆ ಹೊಂದೋ ಅಡಾಪ್ಟರ್ ವೈರು ಸಿಗುತ್ತೆ, ಹಾಕಿದ್ರೆ ಒಂದು ವೈರನ್ನೂ ಕತ್ತರಿಸಬೇಕಾಗಿಲ್ಲ. ಸ್ಪೀಕರಿನಡಿ ಹಾಕಿದ್ದ ಎಂಡಿಎಫ್ ಮರದ ರಿಂಗು ನೀರು ಕುಡಿದು ಮುದ್ದೆಯ ಹಾಗೆ ಉಬ್ಬಿತ್ತು. ಹಳೇ ಸ್ಪೀಕರಿನ ರಿವೆಟ್ಟು ಕೊರೆದಾಗ ಬಿದ್ದ ಲೋಹದ ಚೂರು ತಳದಲ್ಲಿ ತುಕ್ಕು ಹಿಡಿದು, ನೀರು ಹೋಗೋ ತೂತಿನ ಬಾಯಲ್ಲೇ ಕೂತಿತ್ತು. ಬಲಗಡೆ ಬಾಗಿಲಲ್ಲಿ ಪ್ಲಸ್ಸು ಮೈನಸ್ಸು ಅದಲು ಬದಲು. ಒಂದು ಸ್ಪೀಕರ್ ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೀತಿದೆ, ದನಿಗೆ ಎದೆ ಎಲ್ಲಿಂದ ಬರುತ್ತೆ? ಇದನ್ನ ಕಂಡುಹಿಡಿಯೋಕೆ ಅಪ್ಪ ಬಳಸಿದ್ದು ಗೋಡೆ ಗಡಿಯಾರದ 1.5 ವೋಲ್ಟಿನ ಸೆಲ್ಲು. ಸ್ಪೀಕರಿನ ಎರಡು ಕಡ್ಡಿಗೆ ಒಂದು ಕ್ಷಣ ಮುಟ್ಟಿಸಿದ್ರೆ, ಸರಿ ಇದ್ರೆ ಕೋನು ಮುಂದಕ್ಕೆ ಬರುತ್ತೆ, ಇಲ್ಲಾಂದ್ರೆ ಒಳಕ್ಕೆ ಹೋಗುತ್ತೆ.

ನಾನು ಹುಡುಗನಿಗೆ ಬೈಯೋಕೆ ಬಾಯಿ ತೆರೆದೆ. ಅಪ್ಪ ರಿವೆಟ್ಟಿನ ತೂತಿನ ಮೇಲೆ ಬೆರಳು ಆಡಿಸ್ತಾ, "ಇವನಿಗೆ ಕೈ ಇದೆ ಕಣೋ. ತೂತು ನೋಡು, ಒಂದೂ ಜಾರಿಲ್ಲ, ನೆಟ್ಟಗೆ ಹಾಕಿದಾನೆ. ಟೈಮ್ ಇರ್ಲಿಲ್ಲ ಅಷ್ಟೆ" ಅಂದ್ರು.

ಆದ್ರೂ ನನ್ನ ಸಿಟ್ಟು ಇಳೀಲಿಲ್ಲ. ಮುರಿದ ಕ್ಲಿಪ್ಪು ನಾಲ್ಕನ್ನೂ ಜೇಬಿಗೆ ಹಾಕಿಕೊಂಡು ಅಂಗಡಿಗೆ ಹೋದೆ. ಮಾಲೀಕರು ಊಟಕ್ಕೆ ಹೋಗಿದ್ರು, ಹುಡುಗ ಒಬ್ಬನೇ ಇದ್ದ. ಕ್ಲಿಪ್ಪು ಮುಂದಿಟ್ಟೆ. ಅವನು ಹೆದರಲೂ ಇಲ್ಲ, ವಾದಿಸಲೂ ಇಲ್ಲ. "ಸಾರ್, ನೀವೇ ಬೇಗ ಮಾಡು ಅಂದ್ರಿ. ಆ ಶನಿವಾರ ಹದಿನಾಲ್ಕು ಗಾಡಿ ಮಾಡಿದೀನಿ. ಹಾಳೆ ಸರಿಯಾಗಿ ಬಿಡಿಸಿ, ಗೋಂದು ಹಾಕಿ ಮತ್ತೆ ಅಂಟಿಸೋಕೆ ಒಂದು ಬಾಗಿಲಿಗೆ ಒಂದು ಗಂಟೆ ಬೇಕು. ಆ ಒಂದು ಗಂಟೆಗೆ ಯಾರು ಕೊಡ್ತಾರೆ?" ಅಂದ. ಅವನಿಗೆ ದಿನಗೂಲಿ. ಫಿಟ್ಟಿಂಗಿಗೆ ದುಡ್ಡು ಬರಲ್ಲ ಅಂದ ಮೇಲೆ, ಅವನು ಒಂದು ಕಾರಿನ ಮೇಲೆ ಹೆಚ್ಚು ಹೊತ್ತು ಕಳೆದಷ್ಟೂ ಮಾಲೀಕರಿಗೆ ನಷ್ಟ. ಅಂದ್ರೆ ಚೆನ್ನಾಗಿ ಕೆಲಸ ಮಾಡಿದ್ರೆ ಬೈಸಿಕೊಳ್ಳೋ ಕೆಲಸ ಅದು. ಬಾಗಿಲು ಹರಿಯೋದನ್ನ ನಾನೇ ಆರ್ಡರ್ ಮಾಡಿ, ಐವತ್ತು ರೂಪಾಯಿ ಟಿಪ್ಸ್ ಕೊಟ್ಟು ಬಂದಿದ್ದೆ.

ಈಗ ನಿಮ್ಮ ಹತ್ತಿರ ಒಂದು ಪ್ರಶ್ನೆ. ನಿಮ್ಮ ಕ್ಲೈಂಟ್ ಬಂದು, "ಲೈಸೆನ್ಸ್ ತಗೊಳ್ತೀವಿ, ಇನ್‌ಸ್ಟಲೇಷನ್ನು, ಟೆಸ್ಟಿಂಗು ಎಲ್ಲಾ ಫ್ರೀಯಾಗಿ ಮಾಡಿಕೊಡಿ, ಅರ್ಧ ಗಂಟೇಲಿ" ಅಂದ್ರೆ ಏನಂತೀರಿ? ಮೀಟಿಂಗ್ ಮುಗಿದ ಮೇಲೆ ಆ ಮನುಷ್ಯನ ಬಗ್ಗೆ ಗ್ರೂಪಲ್ಲಿ ಏನೇನು ಬರೀತೀರಿ ನನಗೆ ಗೊತ್ತು, ನಾನೂ ಬರ್ದಿದ್ದೀನಿ. ನಮ್ಮ ಗಂಟೆಗೆ ಡಾಲರಲ್ಲಿ ರೇಟು, ಅವನ ಗಂಟೆಗೆ ಸೊನ್ನೆ. ಡಬ್ಬದ ಮೇಲಿನ ಸುಳ್ಳಿಗೆ ಮಾತ್ರ ಪೂರ್ತಿ ದುಡ್ಡು ಕೊಡ್ತೀವಿ. 350 ವ್ಯಾಟ್ ಅನ್ನೋದು ಒಂದು ಕ್ಷಣದ ಗರಿಷ್ಠ. ನಿಜವಾಗಿ ತಡೆದುಕೊಳ್ಳೋ ಆರ್‌ಎಂಎಸ್ ಅದರ ಸಣ್ಣ ಪಾಲು, ಡಬ್ಬದ ಹಿಂದೆ ಇರುವೆ ಅಕ್ಷರದಲ್ಲಿ ಇರುತ್ತೆ. ಅದಿರಲಿ, ಬೇರೆ ಆಂಪ್ಲಿಫೈಯರ್ ಇಲ್ಲದೆ ಕಾರಿನ ಸ್ಟೀರಿಯೋ ಒಂದೊಂದು ಸ್ಪೀಕರಿಗೆ ನಿರಂತರವಾಗಿ ಕೊಡೋದೇ ಸುಮಾರು 15ರಿಂದ 20 ವ್ಯಾಟ್. ಮಿಕ್ಕ ವ್ಯಾಟೆಲ್ಲ ಡಬ್ಬದ ಮೇಲಿನ ಬೆಂಕಿ ಚಿತ್ರದಲ್ಲೇ ಉರಿದು ಹೋಗುತ್ತೆ. ಕಡಿಮೆ ದರದ ಸ್ಪೀಕರ್ ತಂದು, ಉಳಿದ ದುಡ್ಡನ್ನ ಕೈಗೆ, ಹಾಳೆಗೆ, ಪ್ಲಾಸ್ಟಿಕ್ ರಿಂಗಿಗೆ ಹಾಕಿದ್ರೆ ಅದೇ ಚೆನ್ನಾಗಿ ಹಾಡುತ್ತೆ. (ರಾತ್ರಿ ಹನ್ನೊಂದಕ್ಕೆ ಮನೆ ಕಿಟಕಿ ಗಾಜು ನಡುಗಿಸಿಕೊಂಡು ಹೋಗೋ ವೀರರ ಜೊತೆ ನನ್ನ ಜಗಳ ಬೇರೆ ಇದೆ. ಹತ್ತರಿಂದ ಆರರವರೆಗೆ ಸದ್ದು ಮಾಡಬಾರದು ಅನ್ನೋ ನಿಯಮ 2000ದಿಂದಲೂ ಇದೆ ಅಂತ ಅವರಿಗೆ ಯಾರಾದ್ರೂ ಹೇಳಿ.)

"ದುಡ್ಡು ಕೊಟ್ರೆ ಚೆನ್ನಾಗಿ ಮಾಡ್ತಾರೆ ಅಂತ ಏನು ಗ್ಯಾರಂಟಿ?" ಅಂತ ಆಫೀಸಿನ ಗೆಳೆಯ ಕೇಳಿದ. ಗ್ಯಾರಂಟಿ ಏನೂ ಇಲ್ಲ. ಆದ್ರೆ ದುಡ್ಡು ಕೊಟ್ಟವನು ನಿಂತು ಕೇಳಬಹುದು: ಹಾಳೆ ಎಲ್ಲಿ, ಕ್ಲಿಪ್ಪು ಎಷ್ಟು ಮುರೀತು, ಹೊಸದು ಹಾಕಿದ್ಯಾ, ಗಾಜು ಪೂರ್ತಿ ಇಳಿಸಿದಾಗ ಮ್ಯಾಗ್ನೆಟ್ಟಿಗೆ ತಾಕಲ್ಲ ತಾನೆ. ಫ್ರೀ ತಗೊಂಡವನಿಗೆ ಆ ಬಾಯಿ ಇರಲ್ಲ. ಧರ್ಮಕ್ಕೆ ದಟ್ಟಿ ಕೊಟ್ರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಅಂತ ನಮ್ಮನ್ನೇ ಆಡಿಕೊಳ್ತಾರೆ. ಮೊಳ ಹಾಕಬೇಕು ಅಂದ್ರೆ ದಟ್ಟಿಯನ್ನ ಕೊಂಡೇ ತರಬೇಕು. ಕೊಳ್ಳೋಕೆ ಮನಸ್ಸಿಲ್ವಾ, ಒಂದು ಭಾನುವಾರ ಇಟ್ಟುಕೊಂಡು ನೀವೇ ಬಿಚ್ಚಿ. ನಾಲ್ಕು ಕ್ಲಿಪ್ಪು ಮುರಿದ್ರೆ ಪ್ರಳಯ ಆಗಲ್ಲ, ಜೆ.ಸಿ. ರಸ್ತೆಯಲ್ಲಿ ಕಾರಿನ ಮಾಡೆಲ್ ಹೇಳಿ ಕೇಳಿದ್ರೆ ಚಿಲ್ಲರೆ ಕಾಸಿಗೆ ಸಿಗುತ್ತವೆ.

ಎಡಗಡೆ ಬಾಗಿಲು ನಾನೂ ಅಪ್ಪನೂ ಸೇರಿ ಮಾಡಿದ್ವಿ. ಹೊಸ ಹಾಳೆ, ಬ್ಯೂಟೈಲ್ ಟೇಪು, ಪ್ಲಾಸ್ಟಿಕ್ ರಿಂಗು, ತಳದ ತೂತು ಸಾಫು. ಅರ್ಧ ದಿನ ಹಿಡೀತು, ಅದರಲ್ಲಿ ಒಂದು ಗಂಟೆ ಬೇಸಿನ್ ಕೆಳಗೆ ಉರುಳಿ ಹೋದ ಸ್ಕ್ರೂ ಹುಡುಕಿದ್ದು. ಬಲಗಡೆ ಬಾಗಿಲನ್ನ ಬೇಕಂತಲೇ ಅದೇ ಅಂಗಡಿಗೆ ತಗೊಂಡು ಹೋದೆ, ಬುಧವಾರ ಮಧ್ಯಾಹ್ನ, ಗಿರಾಕಿ ಕಡಿಮೆ ಇರೋ ಹೊತ್ತಲ್ಲಿ. ಹುಡುಗ ಸ್ಕೇಲು ನೋಡಿ ನಕ್ಕ. ಆಮೇಲೆ ಅದನ್ನೇ ಇಸಕೊಂಡು ಬಿಚ್ಚಿದ. ಅಪ್ಪ ಬಾನೆಟ್ಟಿಗೆ ಒರಗಿ ನಿಂತು ಒಂದು ಮಾತೂ ಆಡದೆ ನೋಡ್ತಿದ್ರು. ಒಂದು ಗಂಟೆ ಹತ್ತು ನಿಮಿಷ. ಒಂದು ಕ್ಲಿಪ್ಪೂ ಮುರೀಲಿಲ್ಲ.

ಮಾಲೀಕರ ಹತ್ತಿರ ಹೋಗಿ, "ಫಿಟ್ಟಿಂಗ್ 800 ಅಂತ ಬರೀರಿ" ಅಂದೆ. ಅವರು ಬಿಲ್ ಪುಸ್ತಕ ತೆಗೆದು, ನನ್ನನ್ನೊಮ್ಮೆ ನೋಡಿ, ಪುಸ್ತಕವನ್ನೊಮ್ಮೆ ನೋಡಿ, "ಅದಕ್ಕೆ ಇದರಲ್ಲಿ ಕಾಲಂ ಇಲ್ವಲ್ಲ ಸಾರ್" ಅಂದ್ರು. ಕೊನೆಗೆ ಅವರು ಬರೆದಿದ್ದು ಹೀಗೆ: ಸೀಟ್ ಕವರ್, 1, ರೂ. 800.